ಹಿಟ್ಲರನ ಬಾವುಟ ಹಿಡಿದವರನ್ನು ಯಾಕೆ ಬಿಟ್ಟರು?

ಹೋದ ತಿಂಗಳು ಇದೇ ಪುಟದಲ್ಲಿ ‘ಕೆಟ್ಟ ಮಾತಿಗೆ ಜೈಲೇ ಮೊದಲ ಮದ್ದಲ್ಲ’ ಅಂತ ಒಂದು ಸಾಲು ಬರೆದಿದ್ದೆ. ಅದನ್ನು ಹಿಡಿದು ಇಪ್ಪತ್ತಕ್ಕೂ ಜಾಸ್ತಿ ಪತ್ರಗಳು ಬಂದಿವೆ. ಕೆಲವರು ಒಪ್ಪಿದ್ದಾರೆ, ಹೆಚ್ಚಿನವರಿಗೆ ಸಿಟ್ಟು ಬಂದಿದೆ. ಹಾಗಾಗಿ ಆಸ್ತಿ ಭಾಗ, ಚೆಕ್ ಬೌನ್ಸ್, ಜೀವನಾಂಶದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಈ ಸಲದ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದಾರೆ. 2024ರ ನವೆಂಬರ್‌ನಲ್ಲಿ ಆ ಊರಿನ ಪೇಟೆ ಬೀದಿಯಲ್ಲಿ ಮುಖ ಮುಚ್ಚಿಕೊಂಡ ಹತ್ತು ಹನ್ನೆರಡು ಜನ ಹಿಟ್ಲರನ ಬಾವುಟ ಹಿಡಿದು ನಡೆದರಂತೆ. ಪೊಲೀಸರು ಕೆಲವರನ್ನು ತಡೆದು ನಿಲ್ಲಿಸಿದರೂ ಕೇಸು ಹಾಕದೆ ಬಿಟ್ಟರಂತೆ. ಆಮೇಲಿಂದ ನನ್ನ ಮಗಳು ಹೊರಗೆ ಹೋಗುವಾಗ ಹಣೆಯ ಬೊಟ್ಟು ತೆಗೆದಿಡುತ್ತಾಳೆ. ಅಂಥವರನ್ನು ಬಿಡುವುದು ಎಂಥ ಕಾನೂನು, ವಕೀಲಮ್ಮ?
*ಒಬ್ಬ ತಾಯಿ, ತೀರ್ಥಹಳ್ಳಿ*

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಬಾವುಟ ಅಲ್ಲ, ಬೊಟ್ಟು. ನಿಮ್ಮ ಮಗಳಿಗೆ ಭಯ ಸುಮ್ನೆ ಬಂದಿದ್ದಲ್ಲ. 1987ರಲ್ಲಿ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ ‘ಡಾಟ್‌ಬಸ್ಟರ್ಸ್’ ಅಂತ ಒಂದು ಗುಂಪು ಹುಟ್ಟಿಕೊಂಡಿತ್ತು. ಡಾಟ್ ಅಂದರೆ ನಮ್ಮ ಹೆಂಗಸರ ಹಣೆಯ ಬೊಟ್ಟು. ಭಾರತೀಯರಿಗೆ ಊರು ಬಿಡಿಸುತ್ತೇವೆ ಅಂತ ಅವರು ಅಲ್ಲಿನ ಪತ್ರಿಕೆಗೆ ಕಾಗದ ಬರೆದರು. ಫೋನ್ ಡೈರೆಕ್ಟರಿ ತೆಗೆದು ಪಟೇಲ್ ಅನ್ನುವ ಹೆಸರು ಹುಡುಕುತ್ತೇವೆ ಅಂತಲೂ ಅದರಲ್ಲಿತ್ತು. ಪತ್ರಿಕೆ ಅದನ್ನು ಅಚ್ಚು ಹಾಕಿತು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಪಕ್ಕದ ಹೊಬೋಕನ್‌ನಲ್ಲಿ ನವ್ರೋಜ್ ಮೋದಿ ಅನ್ನುವ 30 ವರ್ಷದ ಪಾರ್ಸಿ ಯುವಕನನ್ನು ಹುಡುಗರ ಗುಂಪೊಂದು ಬಡಿಯಿತು. ಕೆಲವು ದಿನಗಳಲ್ಲಿ ಅವನು ತೀರಿಕೊಂಡ. ಹೊಡೆದವರಿಗೆ ಹಲ್ಲೆಗೆ ಶಿಕ್ಷೆಯಾಯಿತು, ಕೊಲೆಗೆ ಆಗಲಿಲ್ಲ.

ಆ ಕಾಗದವನ್ನೂ ಈ ಬಾವುಟವನ್ನೂ ಅಮೆರಿಕದ ಕಾನೂನು ಬೇರೆ ಬೇರೆಯಾಗಿ ನೋಡುತ್ತದೆ. ಇಂಥವರ ಮನೆ ಹುಡುಕಿಕೊಂಡು ಬರುತ್ತೇವೆ ಅಂದರೆ ಅದು ಬೆದರಿಕೆ. ಬೆದರಿಕೆಗೆ ಅಲ್ಲಿ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ. ಹೆದರಿಸಬೇಕು ಅಂತಲೇ ಶಿಲುಬೆ ಸುಟ್ಟರೆ (ಕಪ್ಪು ಜನರಿಗೆ ಅಲ್ಲಿ ಅದು ಹಳೆಯ ಬೆದರಿಕೆ) ಅದಕ್ಕೂ ಶಿಕ್ಷೆ ಕೊಡಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ. ಆದರೆ ಬಾವುಟ ಹಿಡಿದು ಬೀದಿಯಲ್ಲಿ ನಡೆಯುವುದು, ಎಷ್ಟೇ ಹೇಸಿಗೆ ಅನಿಸಿದರೂ, ಅಭಿಪ್ರಾಯದ ಲೆಕ್ಕಕ್ಕೆ ಹೋಗುತ್ತದೆ.

ಈ ಗೆರೆ ಎಳೆದ ಕೇಸು ನಿಮ್ಮ ಮಗಳು ಇರುವ ಓಹಾಯೋ ರಾಜ್ಯದ್ದೇ. 1964ರಲ್ಲಿ ಅಲ್ಲಿನ ಹ್ಯಾಮಿಲ್ಟನ್ ಕೌಂಟಿಯ ಒಂದು ತೋಟದಲ್ಲಿ ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್‌ನವರು ಮುಸುಕು ಹಾಕಿಕೊಂಡು ಶಿಲುಬೆ ಸುಟ್ಟರು. ಅವರ ಮುಖಂಡ ಬ್ರಾಂಡೆನ್‌ಬರ್ಗ್ ಟಿವಿಯವರನ್ನು ತಾನೇ ಕರೆಸಿ, ಕ್ಯಾಮೆರಾ ಮುಂದೆ ಕಪ್ಪು ಜನರ ಮೇಲೆ, ಯಹೂದಿಗಳ ಮೇಲೆ ವಿಷ ಕಾರಿದ. ಸೇಡು ತೀರಿಸಿಕೊಳ್ಳಬೇಕಾಗಬಹುದು ಅಂದ. ಕೆಳಗಿನ ಕೋರ್ಟು ಅವನಿಗೆ ಜೈಲು ಶಿಕ್ಷೆ ಕೊಟ್ಟಿತು. 1969ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಬರೀ ಹಿಂಸೆ ಸರಿ ಅಂತ ವಾದಿಸಿದರೆ ಸಾಲದು. ಈಗಲೇ, ಇಲ್ಲೇ ಹಿಂಸೆ ಮಾಡಿಸುವ ಉದ್ದೇಶ ಇರಬೇಕು, ಆಗುವ ಸಂಭವವೂ ಇರಬೇಕು. ಆಗ ಮಾತ್ರ ಶಿಕ್ಷೆ.

ವಕೀಲಿ ಶುರು ಮಾಡಿದ ಹೊಸದರಲ್ಲಿ ಈ ತೀರ್ಪು ಓದಿ ನನಗೂ ನಿಮ್ಮಷ್ಟೇ ಸಿಟ್ಟು ಬಂದಿತ್ತು. ನನ್ನ ಸೀನಿಯರ್ ಒಬ್ಬರು ಅದೇ ವರ್ಷದ ಇನ್ನೊಂದು ತೀರ್ಪನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಫ್ರೆಡ್ ಷಟಲ್ಸ್‌ವರ್ತ್ ಅನ್ನುವ ಕಪ್ಪು ಪಾದ್ರಿಯ ಕೇಸು. 1963ರ ಗುಡ್ ಫ್ರೈಡೇ ದಿನ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರೂ ಮಾರ್ಟಿನ್ ಲೂಥರ್ ಕಿಂಗ್ ಅವರೂ ಸಮಾನ ಹಕ್ಕಿಗಾಗಿ ಮೆರವಣಿಗೆ ಹೊರಟಿದ್ದರು. ಪರವಾನಗಿ ಇಲ್ಲ ಅಂತ ಹಿಡಿದು ಜೈಲಿಗೆ ಹಾಕಿದರು. ಪರವಾನಗಿ ಕೊಡುವುದು ಬಿಡುವುದು ನಗರಾಡಳಿತದವರ ಮರ್ಜಿ, ಅವರಿಗೋ ಈ ಮೆರವಣಿಗೆ ಕಂಡರಾಗದು. ಆರು ವರ್ಷ ಆದ ಮೇಲೆ ಸುಪ್ರೀಂ ಕೋರ್ಟು ಆ ಶಿಕ್ಷೆ ರದ್ದು ಮಾಡಿತು. ಅಧಿಕಾರಿಯ ಮರ್ಜಿಯ ಮೇಲೆ ಮೆರವಣಿಗೆಯ ಹಕ್ಕು ನಿಲ್ಲಕೂಡದು ಅಂದಿತು. ‘ಈ ಎರಡು ತೀರ್ಪಿನಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹರಿದು ಹಾಕು ನೋಡೋಣ’ ಅಂದರು ನನ್ನ ಸೀನಿಯರ್. ನನ್ನಿಂದ ಆಗಲಿಲ್ಲ.

ಇದರ ನೋವು ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಸ್ಕೋಕಿ ಊರಿನ ಕಥೆ ಕೇಳಬೇಕು. ಷಿಕಾಗೊ ಪಕ್ಕದ ಊರು. ಆಗ ಅಲ್ಲಿ ಸುಮಾರು 70,000 ಜನ. ಅರ್ಧಕ್ಕಿಂತ ಜಾಸ್ತಿ ಯಹೂದಿಗಳು. ಅವರಲ್ಲಿ ಸಾವಿರಾರು ಮಂದಿ ಹಿಟ್ಲರನ ಸಾವಿನ ಶಿಬಿರಗಳಿಂದ ಬದುಕಿ ಬಂದವರು. 1977ರಲ್ಲಿ ಫ್ರಾಂಕ್ ಕಾಲಿನ್ ಅನ್ನುವವನ ಪುಟ್ಟ ನಾಜಿ ಪಕ್ಷ ಆ ಊರಿನಲ್ಲೇ ಸಮವಸ್ತ್ರ ಹಾಕಿ ನಿಲ್ಲುತ್ತೇವೆ ಅಂತು. ತಡೆಯಲು ಊರಿನ ಆಡಳಿತ ಮೂರು ನಿಯಮ ಮಾಡಿತು. ಮೂರೂವರೆ ಲಕ್ಷ ಡಾಲರ್ ವಿಮೆ ಕಟ್ಟಬೇಕು, ದ್ವೇಷದ ಕರಪತ್ರ ಹಂಚಕೂಡದು, ಸೈನಿಕರ ಥರ ಬಟ್ಟೆ ಹಾಕಕೂಡದು. ನಾಜಿಗಳ ಪರವಾಗಿ ಕೋರ್ಟಿನಲ್ಲಿ ನಿಂತಿದ್ದು ಡೇವಿಡ್ ಗೋಲ್ಡ್‌ಬರ್ಗರ್. ಅವರೇ ಯಹೂದಿ. ಅವರು ಕೆಲಸ ಮಾಡುತ್ತಿದ್ದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು. ಅದರ ಮುಖ್ಯಸ್ಥ ಆರ್ಯೆ ನೈಯರ್ ಬರ್ಲಿನ್‌ನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಈ ಒಂದು ಕೇಸಿಗಾಗಿ ಸಂಸ್ಥೆ ಸುಮಾರು 30,000 ಸದಸ್ಯರನ್ನು ಕಳೆದುಕೊಂಡಿತು. ಕೇಸು ಗೆದ್ದರು, ಮೂರು ನಿಯಮವೂ ಬಿದ್ದುಹೋದವು.

ಆದರೆ ಆ ಮೆರವಣಿಗೆ ಸ್ಕೋಕಿಯಲ್ಲಿ ನಡೆಯಲೇ ಇಲ್ಲ. 1978ರ ಬೇಸಿಗೆಯಲ್ಲಿ ಕಾಲಿನ್ ಷಿಕಾಗೊ ನಗರದಲ್ಲೇ ಸಭೆ ಮಾಡಿದ. ಜೊತೆಗೆ ಬಂದವರು ಸುಮಾರು ಇಪ್ಪತ್ತು ಜನ. ಎದುರಿಗೆ ನಿಂತು ಕೂಗಿದವರು ಸಾವಿರಾರು. ಇತ್ತ ಸ್ಕೋಕಿಯ ಹಿರಿಯರು, ಎಷ್ಟೋ ವರ್ಷ ಮಕ್ಕಳಿಗೂ ತಮ್ಮ ಕಥೆ ಹೇಳದೆ ಇದ್ದವರು, ಬಾಯಿ ಬಿಡಲು ಶುರು ಮಾಡಿದರು. ಶಾಲೆಗಳಿಗೆ ಹೋಗಿ ಹೇಳಿದರು. ಈ ಚರಿತ್ರೆಯನ್ನು ಶಾಲೆಗಳಲ್ಲಿ ಕಲಿಸಲೇಬೇಕು ಅಂತ 1990ರಲ್ಲಿ ಕಾನೂನು ಮಾಡಿದ ಮೊದಲ ರಾಜ್ಯ ಅವರ ಇಲಿನಾಯ್. ಈಗ ಸ್ಕೋಕಿಯಲ್ಲೇ ಒಂದು ದೊಡ್ಡ ಮ್ಯೂಸಿಯಂ ಇದೆ, 2009ರಲ್ಲಿ ತೆರೆದಿದ್ದು.

ಇಷ್ಟು ಹೇಳಿ ನಿಮ್ಮ ಮಗಳಿಗೆ ಧೈರ್ಯ ಬಂತು ಅಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ಕೋರ್ಟು ಗೆರೆ ಎಳೆಯುತ್ತದೆ, ಆದರೆ ಆ ಗೆರೆಯ ಈಚೆ ಹೆದರಿಕೊಂಡು ನಡೆಯುವವಳು ಅವಳು. ಬೊಟ್ಟು ಇಡುವುದು ಬಿಡುವುದು ಅವಳಿಗೇ ಬಿಡಿ, ಫೋನಿನಲ್ಲಿ ಒತ್ತಾಯ ಮಾಡಬೇಡಿ. ಆದರೆ ಯಾರಾದರೂ ಅವಳನ್ನೇ ನೋಡಿ ಬೆದರಿಸಿದರೆ, ಹಿಂದೆ ಬಂದರೆ, ಮನೆಗೆ ಕಾಗದ ಹಾಕಿದರೆ ಅದು ಬಾವುಟದ ಲೆಕ್ಕಕ್ಕೆ ಬರುವುದಿಲ್ಲ, ಅಪರಾಧ. ಕೂಡಲೇ 911ಕ್ಕೆ ಫೋನ್ ಮಾಡಲಿ, ದಿನ, ಹೊತ್ತು ಬರೆದಿಟ್ಟುಕೊಳ್ಳಲಿ. ಅಕ್ಕಪಕ್ಕದ ಮನೆಯವರ ಪರಿಚಯ ಇಲ್ಲದಿದ್ದರೆ ಈ ವಾರವೇ ಮಾಡಿಕೊಳ್ಳಲಿ.

ಪ್ರಶ್ನೆ: ಹಿಟ್ಲರ್ ಚಿಕ್ಕ ನಾಯಕ ಆಗಿದ್ದಾಗಲೇ ಬಾಯಿ ಮುಚ್ಚಿಸಿದ್ದರೆ ಅರವತ್ತು ಲಕ್ಷ ಯಹೂದಿಗಳು ಉಳಿಯುತ್ತಿದ್ದರಲ್ಲವೇ? ಹಾಗಿದ್ದ ಮೇಲೆ ವಾಕ್ ಸ್ವಾತಂತ್ರ್ಯ ಅಂತ ಮಾತಾಡುವುದು ತಪ್ಪಲ್ಲವೇ ಮೇಡಂ?
*ಕಾಲೇಜು ವಿದ್ಯಾರ್ಥಿ, ದಾವಣಗೆರೆ*

ಉತ್ತರ: ಬಾಯಿ ಮುಚ್ಚಿಸಿದ್ದರು, ತಮ್ಮಾ. 1925ರಲ್ಲಿ ಬವೇರಿಯಾ ರಾಜ್ಯ ಅವನು ಸಾರ್ವಜನಿಕ ಸಭೆಯಲ್ಲಿ ಮಾತಾಡಕೂಡದು ಅಂತ ನಿಷೇಧ ಹಾಕಿತು. ಜರ್ಮನಿಯ ಬೇರೆ ರಾಜ್ಯಗಳೂ ಹಾಕಿದವು. ಪ್ರಷ್ಯಾದಲ್ಲಿ ಅದು 1928ರ ತನಕ ಇತ್ತು. ನಾಜಿಗಳು ಅದನ್ನೇ ಪೋಸ್ಟರ್ ಮಾಡಿಕೊಂಡರು. ಹಿಟ್ಲರನ ಬಾಯಿಗೆ ಪಟ್ಟಿ ಅಂಟಿಸಿದ ಚಿತ್ರ, ಭೂಮಿಯ ಮೇಲಿನ 200 ಕೋಟಿ ಜನರಲ್ಲಿ ಇವನೊಬ್ಬ ಮಾತ್ರ ಜರ್ಮನಿಯಲ್ಲಿ ಮಾತಾಡುವ ಹಾಗಿಲ್ಲ ಅಂತ ಬರಹ. ಯಹೂದಿಗಳ ಮೇಲೆ ಕೊಳಕು ಬರೆಯುತ್ತಿದ್ದ ಪತ್ರಿಕೆಯ ಸಂಪಾದಕ ಸ್ಟ್ರೈಖರ್‌ಗೂ ಜೈಲಾಯಿತು.

ನನ್ನ ಪ್ರಕಾರ ಆ ದೇಶ ಸೋತಿದ್ದು ಬೇರೆ ಕಡೆ. 1923ರ ನವೆಂಬರ್‌ನಲ್ಲಿ ಹಿಟ್ಲರ್ ಮ್ಯೂನಿಕ್‌ನಲ್ಲಿ ಬಂದೂಕು ಹಿಡಿದು ಸರ್ಕಾರ ಉರುಳಿಸಲು ಹೊರಟ. ನಾಲ್ವರು ಪೊಲೀಸರು ಸತ್ತರು. ಇದು ಮಾತಲ್ಲ, ರಾಜದ್ರೋಹ. ಕೋರ್ಟು ಕೊಟ್ಟ ಶಿಕ್ಷೆ ಐದು ವರ್ಷ. 1924ರ ಏಪ್ರಿಲ್ 1ಕ್ಕೆ ಶಿಕ್ಷೆಯಾದವನು ಡಿಸೆಂಬರ್ 20ಕ್ಕೆ ಹೊರಗೆ ಬಂದ. ಅವನು ಆಸ್ಟ್ರಿಯಾದವನು, ಗಡೀಪಾರು ಮಾಡಬಹುದಿತ್ತು. ಇಂಥ ದೇಶಭಕ್ತನನ್ನು ಓಡಿಸುವುದು ಬೇಡ ಅಂತ ನ್ಯಾಯಾಧೀಶರು ಬಿಟ್ಟರು. ವಿಚಾರಣೆಯ ಕಟಕಟೆಯಲ್ಲೇ ಗಂಟೆಗಟ್ಟಲೆ ಭಾಷಣ ಮಾಡಲು ಬಿಟ್ಟರು. ಅಂದರೆ ಬಾಯಿಗೆ ಪಟ್ಟಿ ಹಾಕಿದರು, ಕೈಗೆ ಬೇಡಿ ಹಾಕಲಿಲ್ಲ. ಮೂವತ್ತು ವರ್ಷ ಕ್ರಿಮಿನಲ್ ಕೋರ್ಟು ನೋಡಿದವಳಿಗೆ ಇದು ಬಹಳ ಪರಿಚಿತ ಅನಿಸುತ್ತದೆ.

1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದಿದ್ದು 2.6 ಶೇಕಡಾ ಮತ. 1930ರಲ್ಲಿ 18.3. 1932ರ ಜುಲೈನಲ್ಲಿ 37.3. ಆ ನಾಲ್ಕು ವರ್ಷದಲ್ಲಿ ಆಗಿದ್ದು ಏನು? ಬ್ಯಾಂಕು ಮುಳುಗಿದವು, ಕಾರ್ಖಾನೆ ಮುಚ್ಚಿದವು, ಕೆಲಸ ಇಲ್ಲದವರ ಸಂಖ್ಯೆ 60 ಲಕ್ಷಕ್ಕೆ ಹೋಯಿತು. ಭಾಷಣ ಅದೇ ಹಳೆಯದು. ಹೊಟ್ಟೆಗೆ ಇಲ್ಲದ ಜನ ಹೊಸಬರು.

ಹಾಗಂತ ಯಾವ ಮಾತನ್ನೂ ತಡೆಯಬಾರದು ಅಂತ ನಾನು ಹೇಳುತ್ತಿಲ್ಲ. ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೊ 1993ರ ಜುಲೈನಲ್ಲಿ ಶುರುವಾಯಿತು. ಒಳ್ಳೆಯ ಹಾಡು, ಹರಟೆ, ನಡುವೆ ಆ ದೇಶದ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಜಿರಳೆ ಅಂತ ಕರೆಯುವುದು. 1994ರ ಏಪ್ರಿಲ್‌ನಲ್ಲಿ ಕೊಲೆ ಶುರುವಾದಾಗ ಅದೇ ರೇಡಿಯೊ ಹೆಸರು ಹಿಡಿದು, ಅಡಗಿದ ಜಾಗ, ಕಾರಿನ ನಂಬರ್ ಹೇಳಿ ಜನರನ್ನು ಹಿಡಿಸಿಕೊಟ್ಟಿತು. ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ರೇಡಿಯೊ ಅಲೆಗೆ ಅಡ್ಡಿ ಹಾಕಿ ಅಂತ ಬೇಡಿದಾಗ ಅಮೆರಿಕ ಖರ್ಚಿನ ಲೆಕ್ಕ ಹೇಳಿತು, ಕಾನೂನಿನ ತೊಡಕು ಹೇಳಿತು. ಅದನ್ನು ಓದಿದಾಗ ಇವತ್ತಿಗೂ ನನಗೆ ಸಂಕಟ ಆಗುತ್ತದೆ. ಬ್ರಾಂಡೆನ್‌ಬರ್ಗ್ ಕೇಸಿನ ಅಳತೆಯಲ್ಲೇ ಇಟ್ಟು ನೋಡು. ಈಗಲೇ, ಇಲ್ಲೇ, ಇವರನ್ನೇ. ಅದು ಮಾತಲ್ಲ, ಕತ್ತಿಯ ಇನ್ನೊಂದು ಅಂಚು. 2003ರಲ್ಲಿ ಅಂತರರಾಷ್ಟ್ರೀಯ ಕೋರ್ಟು ಆ ರೇಡಿಯೊ ಕಟ್ಟಿದವರನ್ನು ನರಮೇಧದ ಅಪರಾಧಿಗಳು ಅಂದಿತು. ಅವರಲ್ಲಿ ಒಬ್ಬ ಇತಿಹಾಸದ ಪ್ರೊಫೆಸರ್.

ಪ್ರಶ್ನೆ: ಇಂಥ ಗುಂಪುಗಳು ಬೆಳೆಯುವುದು ಹೇಗೆ? ಬೆಳೆದ ಮೇಲೆ ಇವುಗಳನ್ನು ಮುಗಿಸಿದ ಉದಾಹರಣೆ ಎಲ್ಲಾದರೂ ಇದೆಯೇ?
*ನಿವೃತ್ತ ಶಿಕ್ಷಕರು, ಹಾವೇರಿ*

ಉತ್ತರ: ಇದೆ ಸಾರ್. ಈ ಕಥೆಯನ್ನು ಹೇಳಲೆಂದೇ ನಾನು ಇಡೀ ಪುಟ ತೆಗೆದುಕೊಂಡಿದ್ದು.

ಅಲಬಾಮ ರಾಜ್ಯದ ಮೊಬೀಲ್ ಊರು. 1981ರ ಮಾರ್ಚ್. ಬಿಳಿಯ ಪೊಲೀಸನನ್ನು ಕೊಂದ ಆರೋಪ ಹೊತ್ತ ಕಪ್ಪು ಮನುಷ್ಯನೊಬ್ಬನ ಕೇಸಿನಲ್ಲಿ ಜ್ಯೂರಿಗೆ, ಅಂದರೆ ತೀರ್ಪು ಹೇಳಲು ಜನಸಾಮಾನ್ಯರಿಂದ ಆರಿಸಿದ ಪಂಚರಿಗೆ, ಒಮ್ಮತಕ್ಕೆ ಬರಲು ಆಗಲಿಲ್ಲ. ಅದೇ ಸಿಟ್ಟಿಗೆ ಕ್ಲಾನ್‌ನ ಇಬ್ಬರು ಕಾರು ಹತ್ತಿ ಯಾರಾದರೂ ಒಬ್ಬ ಕಪ್ಪು ಹುಡುಗ ಸಿಗುತ್ತಾನಾ ಅಂತ ಹುಡುಕಿದರು. ಸಿಕ್ಕವನು ಮೈಕೆಲ್ ಡೊನಾಲ್ಡ್, 19 ವರ್ಷ. ಆ ಕೇಸಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಕೊಂದು, ಮರಕ್ಕೆ ನೇತು ಹಾಕಿದರು. ಮೊದಮೊದಲು ಪೊಲೀಸರು ಇದು ಗಾಂಜಾ ಅಫೀಮಿನ ಜಗಳ ಇರಬೇಕು ಅಂದರು. ಅವನ ತಾಯಿ ಬ್ಯೂಲಾ ಮೇ ಡೊನಾಲ್ಡ್ ಒಪ್ಪಲಿಲ್ಲ. ನನ್ನ ಮಗ ಅಂಥವನಲ್ಲ ಅಂತ ಪಟ್ಟು ಹಿಡಿದು ಕೂತರು.

ಕೊಂದವರಿಬ್ಬರಿಗೂ ಕೊನೆಗೆ ಶಿಕ್ಷೆಯಾಯಿತು. ಅಷ್ಟಕ್ಕೇ ನಿಂತಿದ್ದರೆ ಇದು ಸಾವಿರದಲ್ಲಿ ಒಂದು ಕೊಲೆ ಕೇಸು. ಆದರೆ ಆ ತಾಯಿ ವಕೀಲ ಮಾರಿಸ್ ಡೀಸ್ ಅವರ ಜೊತೆ ಸೇರಿ ಇಡೀ ಸಂಘಟನೆಯ ಮೇಲೆ, ಅಂದರೆ ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕದ ಮೇಲೆ, ಪರಿಹಾರ ಕೇಳಿ ಸಿವಿಲ್ ದಾವೆ ಹಾಕಿದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣು ಮಕ್ಕಳನ್ನು ಕೊಂದವರು ಇದೇ ಸಂಘಟನೆಯವರು. ಕೊಲೆಗಾರರು ಸ್ವಂತಕ್ಕೆ ಮಾಡಿದ್ದಲ್ಲ, ಸಂಘಟನೆಯ ನೀತಿಯನ್ನೇ ನಡೆಸಿದ್ದು ಅಂತ ವಾದ. ಸಾಕ್ಷಿಗೆ ಸಂಘಟನೆಯ ಪತ್ರಿಕೆಯನ್ನೇ ಹಾಜರು ಮಾಡಿದರು. ಅದರಲ್ಲಿ ಕಪ್ಪು ಮನುಷ್ಯನನ್ನು ನೇಣಿಗೆ ಹಾಕಿದ ಚಿತ್ರ ಇತ್ತು. ನೋಡಿ, ಚಿತ್ರ ಅಚ್ಚು ಹಾಕಿದ್ದಕ್ಕೆ ಯಾರನ್ನೂ ಜೈಲಿಗೆ ಹಾಕಲಿಲ್ಲ. ಕೊಲೆ ಆದ ಮೇಲೆ ಆ ಚಿತ್ರವೇ ಅವರ ವಿರುದ್ಧ ಬಂದು ಸಾಕ್ಷಿ ಹೇಳಿತು.

1987ರ ಫೆಬ್ರವರಿಯಲ್ಲಿ ಪೂರ್ತಿ ಬಿಳಿಯರೇ ಇದ್ದ ಜ್ಯೂರಿ 70 ಲಕ್ಷ ಡಾಲರ್ ಪರಿಹಾರಕ್ಕೆ ತೀರ್ಪು ಕೊಟ್ಟಿತು. ವಿಚಾರಣೆಯ ಕೊನೆಯಲ್ಲಿ ಕೊಲೆಗಾರರಲ್ಲಿ ಒಬ್ಬ, ಕೊಲೆ ಮಾಡಿದಾಗ ಇನ್ನೂ ಹದಿಹರೆಯದವನು, ಆ ತಾಯಿಯ ಕಡೆ ತಿರುಗಿ ಅತ್ತು ಕ್ಷಮೆ ಕೇಳಿದ. ನಾನು ಆಗಲೇ ಕ್ಷಮಿಸಿದ್ದೇನೆ ಅಂದರು ಅವರು. ಸಂಘಟನೆಯ ಹತ್ತಿರ ಅಷ್ಟು ದುಡ್ಡು ಎಲ್ಲಿತ್ತು? ಟಸ್ಕಲೂಸಾದಲ್ಲಿದ್ದ ಮುಖ್ಯ ಕಚೇರಿಯ ಕಟ್ಟಡವನ್ನೇ ಅವರ ಹೆಸರಿಗೆ ಬರೆದುಕೊಟ್ಟಿತು. ಕ್ಲಾನ್‌ನ ಕಟ್ಟಡದ ಪತ್ರ ಒಬ್ಬ ಕಪ್ಪು ತಾಯಿಯ ಕೈಗೆ ಬಂತು. ಮಾರಿದಾಗ ಸಿಕ್ಕಿದ್ದು 50,000 ಡಾಲರಿಗಿಂತ ಸ್ವಲ್ಪ ಜಾಸ್ತಿ. ಆ ದುಡ್ಡಿನಲ್ಲಿ ಅವರು ಬದುಕಿನಲ್ಲಿ ಮೊದಲ ಸಲ ಸ್ವಂತ ಮನೆ ತಗೊಂಡರು. ಮಾರನೇ ವರ್ಷವೇ ತೀರಿಕೊಂಡರು. ಆ ಸಂಘಟನೆ ಮತ್ತೆ ಎದ್ದು ನಿಲ್ಲಲಿಲ್ಲ. ಮಗನನ್ನು ನೇತು ಹಾಕಿದ ರಸ್ತೆಗೆ ಈಗ ಮಗನದೇ ಹೆಸರು.

ಬೆಳೆಯುವುದು ಹೇಗೆ ಅಂತಲೂ ಕೇಳಿದ್ದೀರಿ. ಡೀಸ್ ಮೊದಲು ಸೇರಿ ಕಟ್ಟಿದ ಸಂಸ್ಥೆ ಸದರ್ನ್ ಪಾವರ್ಟಿ ಲಾ ಸೆಂಟರ್ ವರ್ಷವರ್ಷ ಇಂಥ ಗುಂಪುಗಳನ್ನು ಎಣಿಸುತ್ತದೆ. 2018ರಲ್ಲಿ 1,020 ಇದ್ದವು. 2020ರಲ್ಲಿ 838. ಕಮ್ಮಿಯಾಯಿತು ಅಂತ ನೆಮ್ಮದಿ ಪಡಬೇಡಿ ಅಂತ ಆ ಸಂಸ್ಥೆಯೇ ಹೇಳಿತು. ಕಚೇರಿ, ಬೋರ್ಡು, ಸದಸ್ಯರ ಪುಸ್ತಕ ಇಟ್ಟುಕೊಂಡಿದ್ದ ಗುಂಪುಗಳು ಟೆಲಿಗ್ರಾಂ ಆ್ಯಪಿನಂಥ ಕಡೆಗೆ ಹೋದವು. ಅಲ್ಲಿ ಎಣಿಸುವುದು ಕಷ್ಟ. ಜಪ್ತಿ ಮಾಡಲು ಕಟ್ಟಡವೂ ಇರುವುದಿಲ್ಲ.

ಒಳಗೆ ಹೋಗುವ ಹುಡುಗರಿಗೆ ಸಿಗುವುದೇನು ಅಂತ ತಿಳಿಯಬೇಕಾದರೆ ಹೊರಗೆ ಬಂದವರ ಮಾತು ಕೇಳಬೇಕು. ವಿಸ್ಕಾನ್ಸಿನ್‌ನ ಆರ್ನೋ ಮೈಕೇಲಿಸ್ ಒಂದು ಕಾಲದಲ್ಲಿ ಅಲ್ಲಿನ ಸ್ಕಿನ್‌ಹೆಡ್ ಮುಖಂಡ, ಅಂದರೆ ತಲೆ ಬೋಳಿಸಿಕೊಂಡ ನಾಜಿ ಹುಡುಗರ ಗುಂಪಿನ ನಾಯಕ. ಅವರು ಒಂದು ಘಟನೆ ಹೇಳುತ್ತಾರೆ. ಮೆಕ್‌ಡೊನಾಲ್ಡ್ಸ್‌ನಲ್ಲಿ ದುಡ್ಡು ತಗೊಳ್ಳುವ ಕಪ್ಪು ಹೆಂಗಸು ಅವರ ಬೆರಳಿನ ಮೇಲಿದ್ದ ನಾಜಿ ಹಚ್ಚೆ ನೋಡಿ, ನೀನು ಇದಕ್ಕಿಂತ ಒಳ್ಳೆಯವನು ಅಂತ ನನಗೆ ಗೊತ್ತು ಅಂದರಂತೆ. ಅವರು ಅಲ್ಲಿಗೆ ಮತ್ತೆ ಕಾಲಿಡಲಿಲ್ಲ, ಆದರೆ ಮಾತು ಒಳಗೇ ಉಳಿಯಿತು. ಆಮೇಲೆ ಪುಟ್ಟ ಮಗಳನ್ನು ಒಬ್ಬರೇ ಸಾಕುವ ಹೊಣೆ ಬಂದಾಗ ಗುಂಪು ಬಿಟ್ಟರು. 2012ರ ಆಗಸ್ಟ್ 5ರಂದು ಅದೇ ರಾಜ್ಯದ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿ ಆರು ಜನರನ್ನು ಗುಂಡಿಟ್ಟು ಕೊಂದವನು ಅಂಥದೇ ಗುಂಪಿನವನು, ದ್ವೇಷದ ಹಾಡಿನ ಬ್ಯಾಂಡುಗಳಲ್ಲಿ ಬೆಳೆದವನು. ತೀರಿಕೊಂಡವರಲ್ಲಿ ಗುರುದ್ವಾರದ ಅಧ್ಯಕ್ಷರೂ ಇದ್ದರು. ಅವರ ಮಗ ಪರ್ದೀಪ್ ಕಾಲೆಕಾ ‘ಯಾಕೆ’ ಅಂತ ಕೇಳಲು ಹುಡುಕಿಕೊಂಡು ಹೋಗಿದ್ದು ಮೈಕೇಲಿಸ್ ಅವರನ್ನೇ. ಇಬ್ಬರೂ ಸೇರಿ ಶಾಲೆ ಶಾಲೆಗೆ ಹೋಗಿ ಮಾತಾಡತೊಡಗಿದರು. ನೀವು ಮೇಷ್ಟರಾಗಿದ್ದವರು. ಕೊನೆಯ ಬೆಂಚಿನಲ್ಲಿ ಯಾರೂ ಮಾತಾಡಿಸದೆ ಉಳಿದ ಹುಡುಗನನ್ನು ಯಾರು ಮೊದಲು ಮಾತಾಡಿಸುತ್ತಾರೋ ಅವನು ಅವರ ಪಾಲಾಗುತ್ತಾನೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಅಮೆರಿಕದ ಕಥೆ ಅಲ್ಲಿಗೆ ಸರಿ. ನಮ್ಮಲ್ಲಿ ಒಂದು ಸುಳ್ಳು ಮೆಸೇಜಿಗೆ ಊರೇ ಹೊತ್ತಿಕೊಳ್ಳುತ್ತದೆ. ನಮ್ಮ ಕಾನೂನು ಇನ್ನೂ ಬಿಗಿ ಇರಬೇಕಲ್ಲವೇ?
*ಅಂಗಡಿ ಮಾಲೀಕರು, ಬೆಂಗಳೂರು*

ಉತ್ತರ: ನಮ್ಮ ಕಾನೂನು ಈಗಲೇ ಅಮೆರಿಕಕ್ಕಿಂತ ಬಿಗಿ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟ ಮೇಲೆ, ಎರಡನೇ ಉಪವಿಧಿಯಲ್ಲಿ ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆ ಅಂತೆಲ್ಲ ಮಿತಿ ಹಾಕಲು ಅವಕಾಶ ಇಟ್ಟಿದೆ. ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ವೈರ ಹಬ್ಬಿಸಿದರೆ ಹಳೆಯ ಐಪಿಸಿಯ 153ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್. ಮೂರು ವರ್ಷದ ತನಕ ಜೈಲು. ದೂರು ಬರಲಿ ಅಂತ ಕಾಯದೆ ನೀವೇ ಕೇಸು ಹಾಕಿ ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ನೀವು ಹೇಳುವ ಬೆಂಕಿ ನಾನೂ ನೋಡಿದ್ದೇನೆ. 2012ರ ಆಗಸ್ಟ್‌ನಲ್ಲಿ ಒಂದು ಕೇಸಿಗೆ ಬೆಂಗಳೂರಿಗೆ ಬಂದಿದ್ದೆ. ರಾತ್ರಿ ರೈಲು ಹಿಡಿಯಲು ಸ್ಟೇಷನ್ನಿಗೆ ಹೋದರೆ ಕಾಲಿಡಲು ಜಾಗ ಇಲ್ಲ. ಈಶಾನ್ಯ ರಾಜ್ಯದ ಹುಡುಗ ಹುಡುಗಿಯರು, ಸೆಕ್ಯೂರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರಿನವರು, ಹೋಟೆಲಿನವರು. ನಿಮ್ಮ ಮೇಲೆ ದಾಳಿ ಆಗುತ್ತದೆ ಅಂತ ಮೊಬೈಲಿಗೆ ಬಂದ ಮೆಸೇಜು ನೋಡಿ ಸಾವಿರಾರು ಜನ ಗುವಾಹಟಿ ರೈಲಿಗೆ ಬಂದು ನಿಂತಿದ್ದರು. ಒಬ್ಬ ಹುಡುಗಿ ಅಕ್ವೇರಿಯಂನ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡಿದ್ದಳು. ಆ ಚೀಲ ಇನ್ನೂ ಕಣ್ಣ ಮುಂದಿದೆ. ಕೇಂದ್ರ ಸರ್ಕಾರ 15 ದಿನ ಒಟ್ಟೊಟ್ಟಿಗೆ ಕಳಿಸುವ ಎಸ್ಸೆಮ್ಮೆಸ್ ನಿಲ್ಲಿಸಿತು, ದಿನಕ್ಕೆ ಐದೇ ಅಂದಿತು. ನಾನು ಆ ಮಿತಿಯ ಪರ. ಅಪಾಯ ಕಣ್ಣ ಮುಂದಿತ್ತು, ತಡೆಗೆ ಕೊನೆಯ ದಿನವೂ ಇತ್ತು. ಮಾತಿಗೂ ಅಪಾಯಕ್ಕೂ ಇರುವ ನಂಟು ಸಿಡಿಮದ್ದಿನ ಪೀಪಾಯಿಯೊಳಗಿನ ಕಿಡಿಯಷ್ಟು ಹತ್ತಿರ ಇರಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಕೇಸಿನಲ್ಲಿ ಹೇಳಿತ್ತು. ಆ ರಾತ್ರಿ ಹಾಗೇ ಇತ್ತು.

ಆದರೆ ನಾನೇ ನಡೆಸಿದ ಎರಡು ಕೇಸು ಕೇಳಿ.

ಒಂದು, ಮಲೆನಾಡಿನ ಒಂದು ಊರಿನ ಜಾತ್ರೆ. ಹಿಂದಿನ ರಾತ್ರಿ ಅಂಗಡಿಗಳ ಶಟರ್ ಕೆಳಗೆ ಕರಪತ್ರ ತೂರಿದ್ದರು. ಇಂಥ ಜನರ ಹತ್ತಿರ ಬಳೆ ಕೊಳ್ಳಬೇಡಿ, ಕೊಂಡವರ ಮನೆಗೆ ಬರುತ್ತೇವೆ ಅಂತ. ಮೂವತ್ತು ವರ್ಷದಿಂದ ಅದೇ ಜಾತ್ರೆಯಲ್ಲಿ ಬಳೆ ತೊಡಿಸುತ್ತಿದ್ದ ಸಾಬರ ಹೆಂಗಸಿನ ಜೊತೆ ನಾನೇ ಠಾಣೆಗೆ ಹೋಗಿ ದೂರು ಕೊಡಿಸಿದೆ. 153ಎ ಹಾಕಿದರು. ಈ ಸೆಕ್ಷನ್ನಿಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟು ಕೇಸು ತೆಗೆದುಕೊಳ್ಳುವ ಹಾಗಿಲ್ಲ. ಈಗಲೂ ಹಾಗೇ. ಫೈಲು ಹೋಯಿತು. ಅನುಮತಿ ಬರುವಷ್ಟರಲ್ಲಿ ನಾಲ್ಕು ಜಾತ್ರೆ ಮುಗಿದಿದ್ದವು. ಪ್ರೆಸ್ಸಿನವನು ಯಾರೋ ನಗದು ಕೊಟ್ಟು ಮಾಡಿಸಿಕೊಂಡು ಹೋದರು, ಮುಖ ನೆನಪಿಲ್ಲ ಅಂದ. ಸಾಕ್ಷಿಗಳು ಉಲ್ಟಾ ಹೊಡೆದರು. ಎಲ್ಲರೂ ಬಿಡುಗಡೆ.

ಇನ್ನೊಂದು, 19 ವರ್ಷದ ಹುಡುಗ. ತನ್ನ ಊರಿನ ರಸ್ತೆಯ ಗುಂಡಿಯ ಫೋಟೊ ಹಾಕಿ, ಒಬ್ಬ ರಾಜಕಾರಣಿಯ ಹೆಸರು, ಜಾತಿ ಎತ್ತಿ ಎರಡು ಸಾಲು ಬೈದಿದ್ದ. ಜಾತಿ ಎತ್ತಿದ್ದು ತಪ್ಪು, ಅದನ್ನು ಅವನಿಗೆ ಮುಖಕ್ಕೇ ಹೇಳಿದೆ. ಅವನ ಮೇಲೂ ಅದೇ 153ಎ, ಜೊತೆಗೆ ಇಂಟರ್ನೆಟ್ಟಿನಲ್ಲಿ ಕಿರಿಕಿರಿಯ ಮಾತು ಹಾಕಿದರೂ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ. ಮಾರನೇ ದಿನ ಬೆಳಗ್ಗೆ ಐದಕ್ಕೆ ಮನೆಯಿಂದ ಎತ್ತಿಕೊಂಡು ಹೋದರು. ಜಾಮೀನಿಗೆ ಹನ್ನೊಂದು ದಿನ. ಪರೀಕ್ಷೆ ತಪ್ಪಿತು. ಆ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಹೊಡೆದು ಹಾಕಿತು. ಚರ್ಚೆ ಬೇರೆ, ವಾದ ಬೇರೆ, ಪ್ರಚೋದನೆ ಬೇರೆ, ಮೂರನೆಯದಕ್ಕೆ ಹೋದಾಗ ಮಾತ್ರ ಕಾನೂನು ಕೈ ಹಾಕಬೇಕು ಅಂದಿತು. ಹುಡುಗನ ಒಂದು ವರ್ಷ ವಾಪಸು ಬರಲಿಲ್ಲ.

ಎರಡಕ್ಕೂ ಅದೇ 153ಎ. ಬೆದರಿಸಿದವರ ಹತ್ತಿರ ಅದು ನಾಲ್ಕು ವರ್ಷವಾದರೂ ತಲುಪಲಿಲ್ಲ, ಗುಂಡಿಯ ಫೋಟೊ ಹಾಕಿದವನಿಗೆ ಒಂದೇ ರಾತ್ರಿ ಸಾಕಾಯಿತು. ಇನ್ನೂ ಬಿಗಿ ಮಾಡಿ ಅಂತ ನೀವು ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ಹುಡುಗನ ಅಮ್ಮ. ನನಗೆ ಬೇಕಾಗಿರುವುದು ಹೊಸ ಸೆಕ್ಷನ್ ಅಲ್ಲ. ‘ಮನೆಗೆ ಬರುತ್ತೇವೆ’ ಅಂದವನ ಮನೆಗೆ ಆ ರಾತ್ರಿಯೇ ಪೊಲೀಸು ಹೋಗಬೇಕು, ಅವನು ಯಾವ ಜಾತಿ, ಯಾವ ಪಕ್ಷ ಅಂತ ಕೇಳದೆ.

ಬಳೆಗಾರ್ತಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕರಪತ್ರ ಬಿದ್ದ ಮಾರನೇ ದಿನವೇ ಜಾತ್ರೆಯಲ್ಲಿ ಅವಳು ಬಳೆ ಹರಡಿ ಕೂತಳು. ಮಧ್ಯಾಹ್ನದ ತನಕ ಒಬ್ಬರೂ ಬರಲಿಲ್ಲ. ಆಮೇಲೆ ದೇವಸ್ಥಾನದ ಪೂಜಾರಿಯ ಹೆಂಡತಿ ಬಂದು ಎರಡೂ ಕೈ ಚಾಚಿದರು. ಹಸಿರು ಗಾಜಿನ ಬಳೆ, ಡಜನ್ ಡಜನ್. ಅವರ ಹಿಂದೆ ಸೊಸೆ. ಸೊಸೆಯ ಹಿಂದೆ ಸಾಲು. ಇದನ್ನು ಯಾವ ಕೋರ್ಟೂ ಆದೇಶ ಮಾಡಲಾರದು.

ಪ್ರಶ್ನೆ: ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೈದುನ ದಿನಾ ಬೇರೆ ಧರ್ಮದವರ ಮೇಲೆ ಮೆಸೇಜು ಹಾಕುತ್ತಾನೆ. ಗ್ರೂಪಿನ ಅಡ್ಮಿನ್ ನಾನು. ಕೇಸು ನನ್ನ ಮೇಲೆ ಬರುತ್ತದಾ? ಗ್ರೂಪು ಮುಚ್ಚಿಬಿಡಲೇ?
*ಗೃಹಿಣಿ, ಹಾಸನ*

ಉತ್ತರ: ಸದಸ್ಯರು ಹಾಕಿದ ಮೆಸೇಜಿಗೆ ಅಡ್ಮಿನ್ ಅಂತ ಮಾತ್ರಕ್ಕೆ ನೀವು ಅಪರಾಧಿ ಆಗುವುದಿಲ್ಲ. ಬಾಂಬೆ ಹೈಕೋರ್ಟು, ಕೇರಳ ಹೈಕೋರ್ಟು ಹಾಗೇ ಹೇಳಿವೆ. ನೀವು ಅದನ್ನು ಮುಂದಕ್ಕೆ ಕಳಿಸಿದರೆ, ಅಥವಾ ಮೊದಲೇ ಸೇರಿ ಯೋಜನೆ ಮಾಡಿದ್ದರೆ ಆಗ ಬೇರೆ ಮಾತು.

ಗ್ರೂಪು ಮುಚ್ಚಬೇಡಿ. ಮುಚ್ಚಿದರೆ ಅವನು ಇನ್ನೊಂದು ಗ್ರೂಪು ಮಾಡುತ್ತಾನೆ, ಅದರಲ್ಲಿ ನೀವು ಇರುವುದಿಲ್ಲ. ಎಲ್ಲರ ಮುಂದೆ ಜಗಳವೂ ಬೇಡ. ಸೋತ ಹಾಗಾದರೆ ಅವನು ಹಠಕ್ಕೆ ಬೀಳುತ್ತಾನೆ. ಸುಳ್ಳು ಅಂತ ಖಚಿತ ಇದ್ದರೆ ಮೆಸೇಜಿನ ಕೆಳಗೆ ‘ಇದು ನಿಜ ಅಲ್ಲ’ ಅಂತ ಒಂದೇ ಸಾಲು ಹಾಕಿ. ಸುಮ್ನೆ ನೋಡುತ್ತಾ ಕೂತ ಉಳಿದವರಿಗೆ ಆ ಸಾಲು ಕಾಣಬೇಕು. ಯಾರನ್ನಾದರೂ ಹೊಡೆಯಿರಿ, ಇಂಥ ಅಂಗಡಿ ಸುಡಿ ಅನ್ನುವ ಮೆಸೇಜು ಬಂದರೆ ಮಾತ್ರ ಸ್ಕ್ರೀನ್‌ಶಾಟ್ ತೆಗೆದು, ಅಳಿಸಿ, ಅವನನ್ನು ತೆಗೆಯಿರಿ. ಮೈದುನ ಅಂತ ನೋಡಬೇಡಿ.

ಮಿಕ್ಕ ದಿನ, ಅವನು ಮನೆಗೆ ಬಂದಾಗ ಊಟಕ್ಕೆ ಬಡಿಸಿ ಎದುರಿಗೆ ಕೂತು ಕೇಳಿ, ‘ಯಾಕಪ್ಪಾ, ಏನಾಗಿದೆ ನಿನಗೆ?’ ಅಂತ. ಅವನ ಕೆಲಸ ಹೋಗಿದೆ ಅಂತ ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಅಲ್ಲಿಂದ ಶುರು ಮಾಡಿ.